ಗಿಟಾರ್ ಚೀರೋದು ಎಲ್ಲಿಂದ? ಹೆಬ್ಬೆರಳು, ಆಂಪ್ ಮತ್ತು ಮಿರಜ್‌ನ ತಂಬೂರಿ

ಡೊಂಬಿವಲಿ ಪೂರ್ವದಲ್ಲಿ ನಮ್ಮಕ್ಕನ ಮನೆ. ಒಂದು ಹಾಲು, ಒಂದು ರೂಮು, ಗೋಡೆಯಾಚೆ ಇನ್ನೊಂದು ಸಂಸಾರ. ಅವಳ ಮಗ ಗಿಟಾರ್ ಹಿಡಿದು ಎರಡು ವರ್ಷ ಆಯ್ತು, ಆದರೂ ಪಿಂಚ್ ಹಾರ್ಮೋನಿಕ್ ಮಾತ್ರ ಬರ್ತಿರಲಿಲ್ಲ. ಅದೇ, ತಂತಿ ಇದ್ದಕ್ಕಿದ್ದಂತೆ ಕೀಚಲು ದನಿಯಲ್ಲಿ ಚೀರತ್ತಲ್ಲ, ಅದು. "ಮಾಮಾ, ಈ ಆಂಪೇ ಸರಿ ಇಲ್ಲ" ಅಂತ ಕಂತಿನ ಮೇಲೆ ದೊಡ್ಡದೊಂದು ತರೋಕೆ ಹೊರಟಿದ್ದ. ಕಂತು ಕಟ್ಟೋಳು ನಮ್ಮಕ್ಕ.

ಹಾಗಾಗಿ ಸ್ವಲ್ಪ ಹಿಂದಕ್ಕೆ ಹೋಗೋಣ. ಈ ಚೀರುದನಿಯ ಮೊದಲ ಧ್ವನಿಮುದ್ರಣ ಅಂತ ಬಹಳ ಜನ ತೋರಿಸೋದು 1962ರ 'ಪೊಟೇಟೊ ಪೀಲರ್' ಅನ್ನು. ಬಾಬಿ ಗ್ರೆಗ್ ತಂಡದ ಹಾಡು, ಗಿಟಾರ್ ರಾಯ್ ಬ್ಯುಕ್ಯಾನನ್‌ದು. ಅದೇ ವರ್ಷ ಲಂಡನ್‌ನ ಹ್ಯಾನ್ವೆಲ್‌ನಲ್ಲಿ ಜಿಮ್ ಮಾರ್ಷಲ್ ಅಂಗಡಿಯವರು ಫೆಂಡರ್ ಬ್ಯಾಸ್‌ಮನ್ ಮಾದರಿ ಇಟ್ಟುಕೊಂಡು ತಮ್ಮ ಮೊದಲ ಆಂಪ್ ಕಟ್ಟಿದರು. 1973ರಲ್ಲಿ ಜೀ಼ಜೀ಼ ಟಾಪ್‌ನ ಬಿಲ್ಲಿ ಗಿಬ್ಬನ್ಸ್ 'ಲಾ ಗ್ರೇಂಜ್'ನಲ್ಲಿ ಇದನ್ನು ಊರೂರಿಗೆ ಕೇಳಿಸಿದರು.

ಆಗಿನ ಆಂಪ್‌ಗಳಲ್ಲಿ ಒಂದು ತೊಂದರೆ ಇತ್ತು. ದನಿ ಒಡೆಯಬೇಕಾದ್ರೆ ವಾಲ್ಯೂಮ್ ಪೂರ್ತಿ ಏರಿಸಬೇಕು. 1970ರ ದಶಕದಲ್ಲಿ ಮಾಸ್ಟರ್ ವಾಲ್ಯೂಮ್ ರೂಢಿಗೆ ಬಂತು. ಒಡೆಸೋಕೆ ಒಂದು ನಾಬ್, ಸದ್ದಿಗೆ ಇನ್ನೊಂದು. ಡೊಂಬಿವಲಿಯ ಗೋಡೆಗಳಿಗೆ ಇದಕ್ಕಿಂತ ದೊಡ್ಡ ಉಪಕಾರ ಯಾರೂ ಮಾಡಿಲ್ಲ!

ಗೇನ್ ಮಾಡೋದಿಷ್ಟು: ದೊಡ್ಡ ಅಲೆಗಳ ತಲೆ ಒತ್ತಿಬಿಡತ್ತೆ, ಸಣ್ಣ ದನಿ ಮೇಲೆದ್ದು ನಿಲ್ಲತ್ತೆ. ಆದರೆ ಆ ಸಣ್ಣ ದನಿಯನ್ನು ಹುಟ್ಟಿಸೋದು ಹೆಬ್ಬೆರಳು. ಪಿಕ್ ಮೀಟಿದ ಕೂಡಲೇ ಬೆರಳಂಚು ತಂತಿಗೆ ತಗುಲಿ ಮೂಲ ಸ್ವರವನ್ನು ಕೊಲ್ಲತ್ತೆ, ಆ ಜಾಗದಲ್ಲಿ ಅಲುಗಾಡದ ಸ್ವರಗಳು ಮಾತ್ರ ಉಳೀತವೆ. ತೆರೆದ ಜಿ ತಂತಿ 196 ಹರ್ಟ್ಸ್. ಐದನೇ ಹಾರ್ಮೋನಿಕ್ 980. ಅದು ಸರಿಯಾಗಿ ಮಿಡಲ್ ನಾಬ್‌ನ ಸೀಮೆ. ನಮ್ಮ ಹುಡುಗ ಮೆಟಲ್ ಅಂದರೆ ಹೀಗೇ ಅಂತ ಬಾಸು, ಟ್ರೆಬಲ್ ಏರಿಸಿ ಮಿಡಲ್ ಸೊನ್ನೆಗೆ ಇಳಿಸಿದ್ದ. ಬೇಕಾದ ದನಿಯನ್ನೇ ತಾನೇ ಮುಚ್ಚಿ ಕೂತಿದ್ದ.

ಈ ಕಸುಬು ನಮ್ಮ ಕಡೆಗೆ ಹೊಸದೇನಲ್ಲ. ಕನ್ನಡವೂ ಕೇಳಿಸುವ ಗಡಿಯೂರು ಮಿರಜ್‌ನಲ್ಲಿ ತಂಬೂರಿ ಮಾಡ್ತಾರೆ. ಕುದುರೆಯ ಮೇಲೆ ತಂತಿಯ ಅಡಿಗೆ ಒಂದು ನೂಲೆಳೆ ಇಟ್ಟು, ಕೂದಲೆಳೆಯಷ್ಟು ಸರಿಸಿ ಜವಾರಿ ಹಿಡೀತಾರೆ. (ಧಾರವಾಡದವರೇ, ಕೋಳಿ ಅಲ್ಲ, ನಾದದ ಜವಾರಿ.) ಸಿ.ವಿ. ರಾಮನ್ 1921ರಲ್ಲಿ ಇದರ ಮೇಲೆ ಬರೆದರು: ಒಂದು ಹಾರ್ಮೋನಿಕ್ ಅಲುಗದ ಬಿಂದುವಿನಲ್ಲೇ ಮೀಟಿದರೆ ಆ ಹಾರ್ಮೋನಿಕ್ ಬರಬಾರದು ಅನ್ನೋದು ಹಳೇ ನಿಯಮ, ತಂಬೂರಿ, ವೀಣೆಯಲ್ಲಿ ಅದೂ ಬರತ್ತೆ, ಕುದುರೆಯ ಆಕಾರದಿಂದಾಗಿ. ಗಿಟಾರಿಗೆ ಅಂಥ ಕುದುರೆ ಇಲ್ಲ, ಅದಕ್ಕೇ ಜಾಗ ತಪ್ಪಿದರೆ ಚೀರೋದೇ ಇಲ್ಲ.

ಅವನಿಗೆ ಹೇಳಿದ್ದು: ಬ್ರಿಡ್ಜ್ ಪಿಕಪ್ ಹಾಕು, ಮಿಡಲ್ ಏಳಕ್ಕೆ, ಬಾಸ್ ನಾಲ್ಕಕ್ಕೆ, ಗೇನ್ ಅರ್ಧ ದಾಟಿಸು, ಮಾಸ್ಟರ್ ಒಂದರಲ್ಲಿರಲಿ. ಆಮೇಲೆ ಮೀಟುವ ಕೈಯನ್ನು ಮಿಲಿಮೀಟರ್ ಮಿಲಿಮೀಟರ್ ಸರಿಸ್ತಾ ಹೋಗು. ಎಡಗೈ ಫ್ರೆಟ್ ಬದಲಿಸಿದರೆ ಜಾಗವೂ ಬದಲಾಗತ್ತೆ, ಮತ್ತೆ ಹುಡುಕು.

ಮೂರನೇ ದಿನ ರಾತ್ರಿ ಒಂಬತ್ತೂವರೆಗೆ ಚೀರಿತು. ಗೋಡೆಯಾಚೆಯಿಂದ ಮಾವಶಿ, "ಕಾಯ್ ಝಾಲಂ ರೇ?" ಅಂದರು. ಕಂತಿನ ಅರ್ಜಿ ಫ್ರಿಜ್ ಮೇಲೆ ಹಾಗೇ ಇದೆ.