ಬಕ್‌ಬಕ್ ಇಂಗ್ಲಿಷಿಗೆ ಹೋದದ್ದು

ಇಂಗ್ಲಿಷಿನಲ್ಲಿ ಒಂದು ‘ಬಕ್’ ಇತ್ತು. ಜಿಂಕೆಯೂ ಅಲ್ಲ, ಡಾಲರೂ ಅಲ್ಲ! ಯೂಲ್ ಮತ್ತು ಬರ್ನೆಲ್ ಅವರ ಹಾಬ್ಸನ್-ಜಾಬ್ಸನ್ ನಿಘಂಟು (1886, ಪರಿಷ್ಕರಿಸಿದ್ದು 1903) ಹೇಳುವಂತೆ ಅದು ಹಿಂದಿಯ ‘ಬಕ್‌ನಾ’ದಿಂದ ಬಂದದ್ದು. ಅರ್ಥ, ವಟಗುಟ್ಟುವುದು, ತನ್ನನ್ನೇ ಕೊಚ್ಚಿಕೊಳ್ಳುವುದು. ಹಾಗೆ ಮಾಡುವವನು ‘ಬಕ್‌ಸ್ಟಿಕ್’, ಅಂದರೆ ನಮ್ಮ ಬಾಯಿಬಡುಕ. ಬಂಗಾಳಿಗಳ ‘ಬೊಕ್‌ಬೊಕ್’ ಕೂಡ ಇದರ ನೆಂಟನೇ.

ಇಂಥ ಮಾತು ಸಾಹೇಬರಿಗೆ ಪುಸ್ತಕದಿಂದ ಸಿಕ್ಕಿರಲಾರದು, ಕಿವಿಯಿಂದಲೇ ಸಿಕ್ಕಿರಬೇಕು. ಇಲ್ಲಿ ಬಿಬಿಡಿ ಬಾಗಿನಲ್ಲಿರುವ ರೈಟರ್ಸ್ ಬಿಲ್ಡಿಂಗ್ ನೋಡಿ, ಅದು ಸಾಹಿತಿಗಳದ್ದಲ್ಲ, ಕಂಪನಿಯ ಗುಮಾಸ್ತರದ್ದು. ಅವರಿಗೆ ದೇಶಭಾಷೆ ಕಲಿಸಲು 1800ರಲ್ಲಿ ಶುರುವಾದ ಫೋರ್ಟ್ ವಿಲಿಯಂ ಕಾಲೇಜು ಕೆಲಕಾಲ ಅಲ್ಲೇ ಇತ್ತು. 1801ರಲ್ಲಿ ಬಂಗಾಳಿ ಮೇಷ್ಟ್ರಾಗಿ ಸೇರಿದ ವಿಲಿಯಂ ಕೇರಿ ಅದೇ ವರ್ಷ ‘ಕಥೋಪಕಥನ’ ಎಂಬ ಸಂಭಾಷಣೆಗಳ ಪುಸ್ತಕ ಅಚ್ಚು ಹಾಕಿಸಿದರು. ಹೆಂಗಸರ ಜಗಳವೂ ಅದರಲ್ಲಿ ಪಾಠ! (ಇದೇ ಕೇರಿ 1817ರಲ್ಲಿ ಕನ್ನಡ ವ್ಯಾಕರಣವನ್ನೂ ತಂದವರು, ನಾವು ಕಲ್ಕತ್ತೆ ಕನ್ನಡಿಗರು ಮರೆಯಬಾರದು.) ಜನರ ಹರಟೆ ಅರ್ಥವಾಗದೆ ಕಂದಾಯ ವಸೂಲಾಗೋಲ್ಲ ಅಂತ ಕಂಪನಿಗೆ ಚೆನ್ನಾಗಿ ಗೊತ್ತಿತ್ತು.

ಇಂಗ್ಲಿಷಿನಲ್ಲಿ ಆ ‘ಬಕ್’ ಈಗ ಕಿವಿಗೆ ಬೀಳುವುದಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಬೊಕ್‌ಬೊಕ್ ಜೋರಾಗಿದೆ. ‘ವಟವಟ ನಿಲ್ಲಿಸು’ ಅಂದರೆ ಮಕ್ಕಳು ಕಪ್ಪೆ ಎಲ್ಲಿ ಅಂತ ಹುಡುಕುತ್ತವೆ.