ಸೋತ ಕಾಲೇಜಿನ ಹುಡುಗನೂ ಸೇರುವ ತಂಡ

ಕಾಲೇಜು ಕ್ರೀಡೆ ಎಂದರೆ ಓದಿನ ನಡುವಿನ ಹವ್ಯಾಸ, ಒಂದು ಪ್ರಮಾಣಪತ್ರ ತಂದುಕೊಡುವ ಸಂಗತಿ ಎಂದಷ್ಟೇ ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಆದರೆ ಒಂದು ಸಮಾಜವು ತನ್ನ ಯುವಕರ ತಂಡಗಳನ್ನು ಯಾವುದರ ಹೆಸರಿನಲ್ಲಿ ಕಟ್ಟುತ್ತದೆ, ಅವರನ್ನು ಯಾರೊಂದಿಗೆ ಆಡಲು ಬಿಡುತ್ತದೆ ಎಂಬುದರಲ್ಲಿ ಆ ಸಮಾಜದ ಸ್ವಭಾವ ಬಯಲಾಗುತ್ತದೆ. ಬಾಸ್ಕೆಟ್‌ಬಾಲ್ ಆಟದ ಚರಿತ್ರೆಯನ್ನು ಈ ದೃಷ್ಟಿಯಿಂದ ನೋಡಬಹುದು.

1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಯ ಶಿಕ್ಷಕ ಜೇಮ್ಸ್ ನೈಸ್ಮಿತ್, ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಬಹುದಾದ ಆಟವೊಂದನ್ನು ರೂಪಿಸಿದರು. ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ಕಟ್ಟಿ, 13 ನಿಯಮಗಳನ್ನು ಬರೆದು, 18 ವಿದ್ಯಾರ್ಥಿಗಳನ್ನು ಎರಡು ತಂಡ ಮಾಡಿ ಆಡಿಸಿದರು. ಅದೇ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಕಲಿತ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜನ್ನು ಸ್ಥಾಪಿಸಿದರು. ಅಲ್ಲಿ ತರಬೇತಿ ಪಡೆದವರು ದಕ್ಷಿಣದ ಶಾಲೆ, ಕಾಲೇಜುಗಳಿಗೆ ಹೊಸ ಆಟಗಳನ್ನು ಕೊಂಡೊಯ್ದರು. 1934ರಲ್ಲಿ ದೆಹಲಿಯಲ್ಲಿ ಪುರುಷರ ಮೊದಲ ರಾಷ್ಟ್ರೀಯ ಬಾಸ್ಕೆಟ್‌ಬಾಲ್ ಪಂದ್ಯಾವಳಿ ನಡೆಯಿತು. ಕ್ರೈಸ್ತ ಯುವಕರ ಸಂಸ್ಥೆಯೊಂದರಲ್ಲಿ ಹುಟ್ಟಿದ ಆಟ ಹೀಗೆ ಎಲ್ಲರ ಆಟವಾಯಿತು.

ಅದೇ ಕಾಲದಲ್ಲಿ ಮುಂಬಯಿಯ ಕ್ರಿಕೆಟ್ ಬೇರೆ ದಾರಿಯಲ್ಲಿತ್ತು. 1912ರಿಂದ ಅಲ್ಲಿ ಯುರೋಪಿಯನ್, ಪಾರ್ಸಿ, ಹಿಂದೂ, ಮುಸ್ಲಿಂ ಎಂಬ ನಾಲ್ಕು ತಂಡಗಳು ಸೆಣಸುತ್ತಿದ್ದವು. 1937ರಲ್ಲಿ ‘ಇತರರು’ ಎಂಬ ಐದನೆಯ ತಂಡ ಸೇರಿತು. ಮತದ ಆಧಾರದ ಮೇಲೆ ತಂಡ ಕಟ್ಟುವುದನ್ನು 1940ರಲ್ಲಿ ಗಾಂಧೀಜಿ ವಿರೋಧಿಸಿದರು. 1946ರ ಹೊತ್ತಿಗೆ ಆ ಪಂದ್ಯಾವಳಿ ನಿಂತೇಹೋಯಿತು. ಇತ್ತ 1935ರಲ್ಲಿ ಆರಂಭವಾದ ರೋಹಿಂಟನ್ ಬಾರಿಯಾ ಟ್ರೋಫಿಯಲ್ಲಿ ವಿಶ್ವವಿದ್ಯಾನಿಲಯಗಳ ಹೆಸರಿನಲ್ಲಿ ತಂಡಗಳು ಇಳಿದವು. ಆಟಗಾರರು ಅವರೇ ಇರಬಹುದು, ಆದರೆ ಅಂಗಿಯ ಮೇಲಿನ ಹೆಸರು ಬದಲಾಗಿತ್ತು.

ಕಾಲೇಜು ಬಾಸ್ಕೆಟ್‌ಬಾಲ್ ಬೆಳೆದದ್ದು ಈ ಎರಡನೆಯ ದಾರಿಯಲ್ಲಿ. 1916ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿ ದಶಕಗಳ ಕಾಲ ಮೈಸೂರು, ಮಂಡ್ಯ, ಹಾಸನ, ಚಾಮರಾಜನಗರ ಸೀಮೆಯ ಕಾಲೇಜುಗಳಿದ್ದವು. ಮೊದಲು ಅಂತರ ಕಾಲೇಜು ಪಂದ್ಯಾವಳಿ. ಆ ಬಳಿಕ ದಕ್ಷಿಣ ವಲಯ ಅಂತರ ವಿಶ್ವವಿದ್ಯಾನಿಲಯ ಪಂದ್ಯಾವಳಿ. ವಲಯದಲ್ಲಿ ಮೇಲಿನ ಸ್ಥಾನ ಪಡೆದವರಿಗೆ ಅಖಿಲ ಭಾರತ ಹಂತ. ಒಟ್ಟು ಕ್ರೀಡಾ ಸಾಧನೆಯಲ್ಲಿ ಮುಂದಿರುವ ವಿಶ್ವವಿದ್ಯಾನಿಲಯಕ್ಕೆ ಕೊಡುವ ಟ್ರೋಫಿ ಸ್ವತಂತ್ರ ಭಾರತದ ಮೊದಲ ಶಿಕ್ಷಣ ಸಚಿವ ಮೌಲಾನಾ ಅಬುಲ್ ಕಲಾಂ ಆಜಾದ್ ಅವರ ಹೆಸರಿನಲ್ಲಿದೆ.

ಈ ವ್ಯವಸ್ಥೆಯ ಒಂದು ವಿಶೇಷವನ್ನು ನಾವು ಗಮನಿಸಬೇಕು. ಅಮೆರಿಕದಲ್ಲಿ ಪ್ರಾಂತೀಯ ಹಂತದಲ್ಲಿ ಗೆದ್ದ ಕಾಲೇಜೇ ಮುಂದಿನ ಸುತ್ತಿಗೆ ಹೋಗುತ್ತದೆ, ಸೋತವರು ಮನೆಗೆ ಮರಳುತ್ತಾರೆ. ನಮ್ಮಲ್ಲಿ ಗೆದ್ದ ಕಾಲೇಜು ಮುಂದೆ ಹೋಗುವುದಿಲ್ಲ. ಗೆದ್ದವರಿಂದಲೂ ಸೋತವರಿಂದಲೂ ಆಯ್ದು ವಿಶ್ವವಿದ್ಯಾನಿಲಯದ ಒಂದೇ ತಂಡ ಕಟ್ಟಲಾಗುತ್ತದೆ. ಮೊದಲ ಸುತ್ತಿನಲ್ಲೇ ಸೋತ ಕಾಲೇಜಿನ ಹುಡುಗ, ತನ್ನನ್ನು ಸೋಲಿಸಿದವನ ಪಕ್ಕದಲ್ಲಿ ನಿಂತು ಚೆಂಡು ದಾಟಿಸಬಹುದು. ನಿನ್ನೆಯ ಎದುರಾಳಿ ಇಂದಿನ ಜೊತೆಗಾರ.

ಎದುರಾಳಿಯನ್ನು ಒಪ್ಪಿಕೊಳ್ಳುವುದೂ ಸುಲಭವಲ್ಲ ಎಂಬುದಕ್ಕೆ ಅಮೆರಿಕದಲ್ಲೇ ಸಾಕ್ಷ್ಯವಿದೆ. ಮಿಸಿಸಿಪಿ ಸ್ಟೇಟ್ ವಿಶ್ವವಿದ್ಯಾನಿಲಯದ ಬಿಳಿಯರ ತಂಡ 1959, 1961 ಮತ್ತು 1962ರಲ್ಲಿ ತನ್ನ ಪ್ರಾಂತ್ಯದಲ್ಲಿ ಅಗ್ರಸ್ಥಾನ ಪಡೆದರೂ ರಾಷ್ಟ್ರೀಯ ಪಂದ್ಯಾವಳಿಗೆ ಹೋಗಲಿಲ್ಲ. ಅಲ್ಲಿ ಕರಿಯ ಆಟಗಾರರ ಎದುರು ಆಡಬೇಕಾಗುತ್ತದೆ ಎಂಬುದೇ ಕಾರಣ. 1963ರಲ್ಲಿ ಮತ್ತೆ ಅವಕಾಶ ಬಂದಾಗ ಅದನ್ನು ತಡೆಯಲು ನ್ಯಾಯಾಲಯದ ಆದೇಶ ತರಲಾಯಿತು. ಆದೇಶ ಕೈಸೇರುವ ಮೊದಲೇ ತಂಡ ರಾಜ್ಯದ ಗಡಿ ದಾಟಿತು. ಮಾರ್ಚ್ 15ರಂದು ಷಿಕಾಗೋದ ಲೊಯೊಲಾ ತಂಡದ ಎದುರು ಅದು 61-51ರಿಂದ ಸೋತಿತು. ಲೊಯೊಲಾದ ಮೊದಲ ಐವರಲ್ಲಿ ನಾಲ್ವರು ಕರಿಯರು. ಆಟಕ್ಕೆ ಮುನ್ನ ಎರಡೂ ತಂಡಗಳ ನಾಯಕರಾದ ಜೋ ಡ್ಯಾನ್ ಗೋಲ್ಡ್ ಮತ್ತು ಜೆರಿ ಹಾರ್ಕ್‌ನೆಸ್ ಕೈಕುಲುಕಿದ್ದು ಇಂದಿಗೂ ನೆನಪಿನಲ್ಲಿದೆ. ಆ ಪಂದ್ಯದಲ್ಲಿ ಸೋತವರೂ ಏನನ್ನೋ ಗೆದ್ದಿದ್ದರು.

ನಮ್ಮ ತೊಡಕು ಬೇರೆ ಬಗೆಯದು. ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರು ಹೋಬಳಿಯ ಹುಡುಗನನ್ನು ಆಡಬೇಡ ಎಂದು ತಡೆಯುವ ಕಾನೂನು ಯಾವುದೂ ಇಲ್ಲ. ಆದರೆ ಇದು ಹೊಗೆಸೊಪ್ಪಿನ ಸೀಮೆ. ಮಳೆಗಾಲದಲ್ಲಿ ಕಾಲೇಜು ತೆರೆದು ತಂಡಗಳು ಅಭ್ಯಾಸಕ್ಕೆ ಇಳಿಯುವ ತಿಂಗಳುಗಳಲ್ಲೇ ಇಲ್ಲಿ ಬ್ಯಾರನ್‌ಗಳ ಮುಂದೆ ಹಗಲಿರುಳು ಬೆಂಕಿ ಕಾಯಬೇಕು. ಕಬಡ್ಡಿ, ವಾಲಿಬಾಲ್ ಆಡಲು ಒಂದಿಷ್ಟು ಬಯಲು ಸಾಕು. ಬಾಸ್ಕೆಟ್‌ಬಾಲ್‌ಗಾದರೋ 28 ಮೀಟರ್ ಉದ್ದ, 15 ಮೀಟರ್ ಅಗಲದ ಗಟ್ಟಿ ನೆಲ ಬೇಕು, ಎರಡು ಕಂಬ ಬೇಕು. ಅದು ಸಿಗುವುದು ಹೆಚ್ಚಾಗಿ ನಗರಗಳಲ್ಲಿ. ಸೋತವನನ್ನೂ ಆರಿಸಿಕೊಳ್ಳುವ ಉದಾರ ವ್ಯವಸ್ಥೆ ಇದ್ದರೂ, ಸೋಲುವುದಕ್ಕಾದರೂ ಮೊದಲು ಅಂಕಣಕ್ಕೆ ಇಳಿಯಬೇಕಲ್ಲವೇ?

ಹಳ್ಳಿಯ ಕಾಲೇಜಿಗೊಂದು ಅಂಕಣ ಕೇಳುವುದು ಐಷಾರಾಮವಲ್ಲ. ಬೇರೆ ಬೇರೆ ಕೇರಿ, ಜಾತಿ, ಮತಗಳಿಂದ ಬಂದ ಐವರು ಹುಡುಗರು ಒಂದೇ ಹೆಸರಿನ ಅಂಗಿ ತೊಟ್ಟು, ಒಬ್ಬರನ್ನೊಬ್ಬರು ನಂಬಿ ಚೆಂಡು ದಾಟಿಸುವ ಜಾಗ ಅದು. ಅಂಥ ಜಾಗಗಳು ಕಡಿಮೆಯಾಗುತ್ತಿರುವ ಕಾಲದಲ್ಲಿ, ಇರುವುದನ್ನು ಉಳಿಸಿ ಇಲ್ಲದ ಕಡೆ ಕಟ್ಟುವುದು ಶಿಕ್ಷಣದ್ದೇ ಕೆಲಸ.