ಅಂಕಣ, ಚೆಕ್ಕುಬಂದಿ, ಕ್ರಯ: ನಿಂಬರ್ಗಾ ಸೀಮೆಯಲ್ಲಿ ಮನೆಯ ಬೆಲೆ

ಆಳಂದ ತಾಲ್ಲೂಕಿನ ಹೋಬಳಿ ಕೇಂದ್ರವಾದ ನಿಂಬರ್ಗಾದಂತಹ ಊರಿನಲ್ಲಿ ಒಂದು ಹಳೆಯ ಮನೆಯ ಬೆಲೆ ಎಷ್ಟು ಎಂಬ ಪ್ರಶ್ನೆಗೆ ಇಂದು ಮೂರು ಉತ್ತರಗಳು ದೊರೆಯುತ್ತವೆ. ಉಪನೋಂದಣಾಧಿಕಾರಿಯ ಕಚೇರಿಯ ಮಾರ್ಗಸೂಚಿ ದರಪಟ್ಟಿ ಹೇಳುವುದು ಒಂದು. ಕ್ರಯಪತ್ರದಲ್ಲಿ ಬರೆದ ಮೊತ್ತ ಇನ್ನೊಂದು. ಕೈಯಿಂದ ಕೈಗೆ ಸಂದ ಹಣ ಮತ್ತೊಂದು. ಈ ಮೂರೂ ಒಂದಕ್ಕೊಂದು ಹೊಂದುವುದು ಅಪರೂಪ. ಇದನ್ನು ಕೇವಲ ಇಂದಿನವರ ಅಪ್ರಾಮಾಣಿಕತೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಈ ಸೀಮೆಯ ಲಿಖಿತ ಪರಂಪರೆಯನ್ನು ಹಿಂದಕ್ಕೆ ಓದುತ್ತ ಹೋದರೆ ಬೇರೆಯೇ ಸಂಗತಿ ಕಾಣುತ್ತದೆ. ಇಲ್ಲಿ ಮನೆಯ ಬೆಲೆಯನ್ನು ಬಹುಕಾಲ ಮನೆಯಲ್ಲದ ಇನ್ನಾವುದರಿಂದಲೋ ಅಳೆಯಲಾಗುತ್ತಿತ್ತು. ‘ಮಾರುಕಟ್ಟೆ ಬೆಲೆ’ ಎಂಬ ಕಲ್ಪನೆ ತಡವಾಗಿ ಬಂದು ಆ ಹಳೆಯ ಅಳತೆಗಳ ಮೇಲೆಯೇ ಕುಳಿತಿದೆ.

ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಈ ಪ್ರದೇಶ ಅಳಂದೆ ಸಾಸಿರ ಎಂಬ ನಾಡಿನ ಪರಿಸರಕ್ಕೆ ಸೇರಿತ್ತು. ಉತ್ತರಕ್ಕೆ ರಾಜಧಾನಿ ಕಲ್ಯಾಣ, ಆಗ್ನೇಯಕ್ಕೆ ಅದಕ್ಕೂ ಹಿಂದಿನ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ. ಪಿ.ಬಿ. ದೇಸಾಯಿ ಅವರು 1957ರಲ್ಲಿ ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯಿಂದ ಪ್ರಕಟಿಸಿದ ಸಂಪುಟದಲ್ಲಿ ಕೊಪ್ಪಳ ಮತ್ತು ಕಲಬುರಗಿ ಸೀಮೆಯ ಜೈನ ಶಾಸನಗಳು ಒಂದೆಡೆ ಸೇರಿವೆ. ಕನ್ನಡ ನಾಡಿನ ದಾನಶಾಸನಗಳನ್ನು ಒಟ್ಟಾಗಿ ನೋಡಿದರೆ, ಬಸದಿಯಾಗಲಿ ದೇಗುಲವಾಗಲಿ, ದತ್ತಿಯ ಪಟ್ಟಿಯಲ್ಲಿ ಕೆಯ್, ತೋಂಟ, ಗಾಣ, ಅಂಗಡಿಗಳ ಜೊತೆಗೆ ಮನೆ ಮತ್ತು ಮನೆಯ ನಿವೇಶನಗಳು ಮತ್ತೆ ಮತ್ತೆ ಬರುತ್ತವೆ. ನಿವೇಶನದ ಅಗಲ ಮತ್ತು ನೀಳವನ್ನು ‘ಕೈ’ ಲೆಕ್ಕದಲ್ಲಿ ಹೇಳುವುದುಂಟು. ಯಾವ ಬೀದಿ, ಯಾವ ದಿಕ್ಕು, ಪಕ್ಕದಲ್ಲಿ ಯಾರ ಮನೆ ಎಂಬುದನ್ನೂ ಹೇಳುವುದುಂಟು. ಹೇಳದೆ ಬಿಡುವುದು ಸಾಮಾನ್ಯವಾಗಿ ಅದರ ಬೆಲೆಯನ್ನು. ಮನೆಯ ಬಳಿ ಹೊನ್ನಿನ ಅಂಕೆ ಕಾಣಿಸಿಕೊಂಡರೆ ಬಹುತೇಕ ಅದು ಮನೆದೆರೆ ಇಲ್ಲವೆ ಮನೆವಣ, ಅಂದರೆ ತೆರಿಗೆ.

ಈ ವ್ಯತ್ಯಾಸವನ್ನು ಸಂಶೋಧಕರು ಕೆಲವೊಮ್ಮೆ ಮರೆಯುತ್ತಾರೆ. ಹಣ, ಹಣದ ನಾಲ್ಕನೆಯ ಒಂದು ಭಾಗವಾದ ಹಾಗ, ಹದಿನಾರನೆಯ ಒಂದು ಭಾಗವಾದ ವೀಸ ಇವು ಮನೆಯ ಹೆಸರಿನ ಜೊತೆ ಬಂದ ಮಾತ್ರಕ್ಕೆ ‘ಅಂದಿನ ಮನೆಗಳು ಎಷ್ಟು ಅಗ್ಗ’ ಎಂದು ಉದ್ಗರಿಸುವುದು ತೆರಿಗೆಯ ರಸೀದಿಯನ್ನು ಕ್ರಯಪತ್ರವೆಂದು ಓದಿದಂತೆ. ಮನೆದೆರೆಯಿಂದ ತಿಳಿಯುವುದು ಆ ಮನೆಯಲ್ಲಿ ಒಕ್ಕಲಿದ್ದವರಿಂದ ವರ್ಷಕ್ಕೆ ಏನು ಎತ್ತಬಹುದಾಗಿತ್ತು ಎಂಬುದು. ಗೋಡೆಗೆ, ತೊಲೆಗೆ ಏನು ಬೆಲೆ ಎಂಬುದು ಅದರಿಂದ ತಿಳಿಯದು.

ಹಾಗಾದರೆ ಮನೆಗಳು ಮಾರಾಟವಾಗುತ್ತಿರಲಿಲ್ಲವೆ? ಆಗುತ್ತಿದ್ದವು. ‘ಮಾರುಗೊಂಡು’, ‘ಕ್ರಯಂಗೊಂಡು’ ಎಂಬ ಮಾತುಗಳು ಶಾಸನಗಳಲ್ಲಿ ಬೇಕಾದಷ್ಟಿವೆ. ಆದರೆ ಸ್ಥಿರಾಸ್ತಿಯ ಮಾರಾಟವನ್ನು ಅಂದಿನ ಧರ್ಮಶಾಸ್ತ್ರ ಎಷ್ಟು ಹಿಂಜರಿಕೆಯಿಂದ ಕಂಡಿತ್ತು ಎಂಬುದನ್ನು ತಿಳಿಯಲು ದೂರ ಹೋಗಬೇಕಿಲ್ಲ. ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಆರನೆಯ ವಿಕ್ರಮಾದಿತ್ಯನ (1076–1126) ಕಾಲದವನು. ಶಹಾಬಾದ ಸಮೀಪದ ಮರ್ತೂರಿನ ಶಾಸನದ ಆಧಾರದಿಂದ ಆತನನ್ನು ಇದೇ ಸೀಮೆಯವನೆಂದು ಗುರುತಿಸಲಾಗಿದೆ. ಇಪ್ಪತ್ತನೆಯ ಶತಮಾನದವರೆಗೂ ಭಾರತದ ಬಹುಭಾಗದ ನ್ಯಾಯಾಲಯಗಳು ಹಿಂದೂ ಕುಟುಂಬದ ಆಸ್ತಿಯನ್ನು ಹಂಚಿದ್ದು ಈ ಗ್ರಂಥದ ಬೆಳಕಿನಲ್ಲಿ.

ಭೂಮಿ ಆರು ಬಗೆಯಿಂದ ಕೈಬದಲಾಗುತ್ತದೆ ಎಂಬ ಒಂದು ಹಳೆಯ ವಚನವನ್ನು ವಿಜ್ಞಾನೇಶ್ವರ ಚರ್ಚೆಗೆ ಎತ್ತಿಕೊಳ್ಳುತ್ತಾನೆ. ಊರಿನವರ ಸಮ್ಮತಿ, ಜ್ಞಾತಿಗಳ ಸಮ್ಮತಿ, ಸಾಮಂತರ ಸಮ್ಮತಿ, ದಾಯಾದರ ಸಮ್ಮತಿ, ಚಿನ್ನ ಕೊಡುವುದು, ನೀರು ಎರೆಯುವುದು: ಇವು ಆ ಆರು. ಇಲ್ಲಿ ‘ಸಾಮಂತ’ ಎಂದರೆ ಅಧೀನ ಅರಸನಲ್ಲ, ನೆರೆಯವನು, ಎಲ್ಲೆ ಹಂಚಿಕೊಂಡವನು. ಇವರೆಲ್ಲ ಒಪ್ಪದಿದ್ದರೆ ವ್ಯವಹಾರವೇ ಅಸಿಂಧುವೆ? ಅಲ್ಲ ಎನ್ನುತ್ತಾನೆ ವಿಜ್ಞಾನೇಶ್ವರ. ಊರಿನವರ ಸಮ್ಮತಿ ಬೇಕಾಗಿರುವುದು ವ್ಯವಹಾರ ಬಹಿರಂಗವಾಗಲೆಂದು. ನೆರೆಯವರ ಸಮ್ಮತಿ ಎಲ್ಲೆಯ ತಕರಾರು ಏಳದಿರಲೆಂದು. ಆಗಲೇ ಪಾಲಾಗಿ ಬೇರೆಯಾದ ದಾಯಾದರ ಸಮ್ಮತಿ, ಪಾಲಾಗಿದೆಯೋ ಇಲ್ಲವೋ ಎಂಬ ಸಂಶಯ ಮುಂದೆ ಹುಟ್ಟದಿರಲೆಂದು. ಇಂದಿನ ನೋಂದಣಿ ವ್ಯವಸ್ಥೆಯ ಉದ್ದೇಶಗಳೇ ಇವು. ಕ್ರಯಪತ್ರದ ಚೆಕ್ಕುಬಂದಿ, ಸಾಕ್ಷಿಗಳ ರುಜು, ‘ನಮ್ಮ ವಾರಸುದಾರರ ತಕರಾರು ಇರುವುದಿಲ್ಲ’ ಎಂಬ ಒಕ್ಕಣೆ, ಇವು ಮಾಡುವ ಕೆಲಸವನ್ನು ಅಂದು ಈ ಸಮ್ಮತಿಗಳು ಮಾಡುತ್ತಿದ್ದವು.

ಇನ್ನು ಚಿನ್ನ ಮತ್ತು ನೀರು. ಸ್ಥಾವರಕ್ಕೆ ವಿಕ್ರಯವಿಲ್ಲ, ಬೇಕಿದ್ದರೆ ಒಪ್ಪಿಗೆ ಪಡೆದು ಅಡವಿಡಬಹುದು ಎಂಬ ನಿಷೇಧವೊಂದಿದೆ. ಭೂದಾನದ ಹೊಗಳಿಕೆಯೂ ಇದೆ. ಆದ್ದರಿಂದ ಮಾರಲೇಬೇಕಾದಾಗಲೂ ಚಿನ್ನದೊಡನೆ ನೀರನ್ನೆರೆದು, ದಾನದ ರೂಪದಲ್ಲಿಯೇ ಮಾರಾಟವನ್ನು ನೆರವೇರಿಸಬೇಕು ಎಂಬುದು ಆತನ ಸಮಾಧಾನ. ‘ಧಾರಾಪೂರ್ವಕ’ ಎಂಬ ಮಾತು ಕೇವಲ ಧಾರ್ಮಿಕ ದಾನಗಳಲ್ಲದ ಕಡೆಯೂ ಕಾಣಿಸಿದರೆ ಅಚ್ಚರಿಪಡಬೇಕಾಗಿಲ್ಲ. ಮಾರಾಟ ದಾನದ ವೇಷ ತೊಟ್ಟು ಬಂದಾಗ ಬೆಲೆ ಹಿಂದೆ ಸರಿದು ನಿಲ್ಲುವುದು ಸಹಜ. ಶಾಸನಗಳ ಮೌನಕ್ಕೆ ಇದೊಂದೇ ಕಾರಣವೆನ್ನಲಾಗದು, ಆದರೆ ಇದನ್ನು ಬಿಟ್ಟು ಆ ಮೌನವನ್ನು ವಿವರಿಸಲೂ ಆಗದು.

ಮಾರಾಟಕ್ಕಿಂತ ಅಡವೇ ಲೇಸೆಂಬ ಈ ನಿಲುವಿನಿಂದ ಉಳಿದುಬಂದ ಒಂದು ಪದ ಇಂದಿಗೂ ಬಳಕೆಯಲ್ಲಿದೆ: ಭೋಗ್ಯ. ಸ್ಮೃತಿಕಾರರು ಅಡವನ್ನು ಗೋಪ್ಯ, ಭೋಗ್ಯ ಎಂದು ಎರಡಾಗಿ ವಿಂಗಡಿಸುತ್ತಾರೆ. ಬರಿದೆ ಕಾದಿಡಬೇಕಾದದ್ದು ಗೋಪ್ಯ; ಸಾಲ ಕೊಟ್ಟವನು ಅನುಭವಿಸಬಹುದಾದದ್ದು ಭೋಗ್ಯ. ಫಲವನ್ನು ಅನುಭವಿಸುವ ಅಡವು ಅವಧಿ ಮೀರಿತೆಂದು ಕೈತಪ್ಪುವುದಿಲ್ಲ ಎಂದು ಯಾಜ್ಞವಲ್ಕ್ಯನ ನಿಯಮ. ಹಣ ಕೊಟ್ಟು ಮನೆಯಲ್ಲಿ ವಾಸ, ಹಣ ಮರಳಿದಾಗ ಮನೆ ಮರಳುವುದು, ಬಡ್ಡಿಯಿಲ್ಲ, ಬಾಡಿಗೆಯಿಲ್ಲ. ಮನೆಯ ಬೆಲೆಗಿಂತ ಅದರಲ್ಲಿ ಬಾಳುವ ಹಕ್ಕಿನ ಬೆಲೆಯನ್ನು ಕನ್ನಡ ನಾಡು ಮೊದಲು ಲೆಕ್ಕ ಹಾಕಲು ಕಲಿತಿತ್ತು ಎನ್ನಲು ಈ ಒಂದು ಪದ ಸಾಕ್ಷಿಯಾದೀತು.

ಜೈನ ಆಚಾರಶಾಸ್ತ್ರದಲ್ಲಿಯೂ ಮನೆ ಒಂದು ಲೆಕ್ಕದ ವಸ್ತು, ಆದರೆ ಬೆಲೆಯ ಲೆಕ್ಕದ್ದಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಶ್ರಾವಕನ ಪರಿಗ್ರಹಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗ ಮೊದಲು ಬರುವ ಜೋಡಿ ಕ್ಷೇತ್ರ ಮತ್ತು ವಾಸ್ತು, ಅಂದರೆ ಹೊಲ ಮತ್ತು ಮನೆ; ಹಿರಣ್ಯ–ಸುವರ್ಣಗಳು ಆಮೇಲೆ. ಇಷ್ಟೇ ಹೊಲ, ಇಷ್ಟೇ ಮನೆ ಎಂದು ಗೊತ್ತುಮಾಡಿಕೊಂಡ ಎಲ್ಲೆಯನ್ನು ಮೀರುವುದೇ ದೋಷ. ಮನೆಯ ಬೆಲೆ ಏರಿತು, ಆದ್ದರಿಂದ ಪರಿಗ್ರಹ ಹೆಚ್ಚಿತು ಎಂಬ ತೊಡಕು ಪ್ರಮಾಣವನ್ನೇ ಎಲ್ಲೆಯಾಗಿ ಹಿಡಿದ ಈ ಕ್ರಮದಲ್ಲಿ ಏಳುವುದಿಲ್ಲ.

ಊರಿನ ಜನ ತಮ್ಮಷ್ಟಕ್ಕೆ ಮನೆಯನ್ನು ಅಳೆಯುತ್ತಿದ್ದ ಮಾನವೆಂದರೆ ಅಂಕಣ. ಎರಡು ಕಂಬಸಾಲುಗಳ ಅಥವಾ ತೊಲೆಗಳ ನಡುವಣ ಜಾಗ ಒಂದು ಅಂಕಣ. ಮರಾಠಿ ಸೀಮೆಗೆ ಹತ್ತಿರದ ಊರುಗಳಲ್ಲಿ ಇದೇ ಖಣ. ‘ಎಂಟಂಕಣದ ಮನೆ’ ಎಂದರೆ ಕೇಳಿದವರಿಗೆ ಮನೆಯ ವಿಸ್ತಾರವೂ ಮನೆತನದ ಅಂತಸ್ತೂ ಒಟ್ಟಿಗೆ ತಿಳಿಯುತ್ತಿದ್ದವು. ಚದರಡಿಗೂ ಅಂಕಣಕ್ಕೂ ಇರುವ ಭೇದ ಸಣ್ಣದಲ್ಲ. ಚದರಡಿ ನೆಲವನ್ನು ಅಳೆಯುತ್ತದೆ, ಅಂಕಣ ಮರವನ್ನು ಎಣಿಸುತ್ತದೆ. ತೊಗರಿ, ಜೋಳ ಬೆಳೆಯುವ ಈ ಎರೆನೆಲದ ಬಯಲಿನಲ್ಲಿ ಕಲ್ಲಿಗೆ ಬರವಿಲ್ಲ. ಶಹಾಬಾದದ ಫರಸಿ ಹತ್ತಿರದಲ್ಲೇ ಸಿಗುತ್ತದೆ. ಬರವಿರುವುದು ಒಳ್ಳೆಯ ಮರಕ್ಕೆ. ಸಾಗವಾನಿಯ ತೊಲೆ, ಕಂಬ, ತಲೆಬಾಗಿಲ ಚೌಕಟ್ಟು ಹೊರಗಿನಿಂದ ಬರಬೇಕು. ಆದ್ದರಿಂದ ಮನೆ ಬಿದ್ದರೂ ಅದರ ಬೆಲೆ ಪೂರ್ತಿ ಬೀಳುತ್ತಿರಲಿಲ್ಲ. ಬಿಚ್ಚಿ ತೆಗೆದ ತೊಲೆ–ಜಂತೆಗಳು ಇನ್ನೊಂದು ಮನೆಗೆ ಏರುತ್ತಿದ್ದವು. ಗೋಡೆಯ ದಪ್ಪ, ಮೇಲ್ಮುದ್ದೆಯ ಭಾರ, ಒಳಗಿನ ಹಗೇವು ಎಲ್ಲವೂ ಈ ಎಣಿಕೆಯಲ್ಲಿ ಸೇರುತ್ತಿದ್ದವು.

ನಿಜಾಮರ ಆಳ್ವಿಕೆಯ ಕಾಲದ ಕಾಗದಗಳಿಗೆ ಬಂದರೆ ಬೆಲೆ ನಿಚ್ಚಳವಾಗಿ ಬರೆಯಲ್ಪಡುತ್ತದೆ. ಆದರೆ ಓದುವವರು ಎರಡು ಕಡೆ ಎಚ್ಚರವಿರಬೇಕು. ಕಾಗದದಲ್ಲಿರುವುದು ಫಸಲಿ ವರ್ಷವಾದರೆ ಅದಕ್ಕೆ ಸುಮಾರು 590 ಕೂಡಿಸಿದಾಗ ಕ್ರಿಸ್ತಶಕ ಸಿಗುತ್ತದೆ. ಜಹಗೀರುಗಳನ್ನು ರದ್ದುಮಾಡಿದ 1358 ಫಸಲಿಯ ಕಾನೂನು 1949ರದು. ಎರಡನೆಯದು ನಾಣ್ಯ. ಹೈದರಾಬಾದಿನ ಹಾಲಿ ರೂಪಾಯಿ ಏಳು ಸೇರಿದರೆ ಬ್ರಿಟಿಷ್ ಭಾರತದ ಆರು ರೂಪಾಯಿ. ನಿಂಬರ್ಗಾ ಪರಿಸರದ ಮನೆಯ ಕ್ರಯವನ್ನು ಅದೇ ವರ್ಷದ ವಿಜಯಪುರದ ಕ್ರಯದೊಡನೆ ಹೋಲಿಸುವ ಸಂಶೋಧಕ ಈ ಲೆಕ್ಕವನ್ನು ಮೊದಲೇ ಮಾಡಿಕೊಳ್ಳದಿದ್ದರೆ ಹೋಲಿಕೆಯೇ ಸೊಟ್ಟಗಾಗುತ್ತದೆ.

ಅಂಕಣದ ಎಣಿಕೆಗೆ ಭೀಕರವಾದ ಏಟು ಬಿದ್ದದ್ದು 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ. ಮಹಾರಾಷ್ಟ್ರದ ಲಾತೂರ ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿ ನಡುಗಿ ಹತ್ತು ಸಾವಿರದ ಹತ್ತಿರ ಜನ ಸತ್ತರು. ಗಡಿಯಾಚೆಗಿನ ಆ ಊರುಗಳ ಮನೆಗಳೂ ಈಚೆಯವೂ ಒಂದೇ ಜಾತಿಯವು: ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಮೇಲೆ ಮರ, ಮರದ ಮೇಲೆ ವರ್ಷವರ್ಷವೂ ಹಾಕಿದ ಮಣ್ಣಿನ ಹೊರೆ. ಸ್ಥಿತಿವಂತರ ಮನೆಯೆಂಬುದಕ್ಕೆ ಗುರುತಾಗಿದ್ದ ದಪ್ಪ ಗೋಡೆ, ಭಾರದ ಮಾಳಿಗೆಗಳೇ ಜನರ ಮೇಲೆ ಕುಸಿದವು. ಬಡವರ ಹಗುರ ಗುಡಿಸಲು, ಪತ್ರಾಸಿನ ಮನೆಗಳು ಅಷ್ಟು ಕೊಲ್ಲಲಿಲ್ಲ. ಆಮೇಲೆ ಮಹಾರಾಷ್ಟ್ರ ಸರ್ಕಾರ ಸ್ಥಳಾಂತರಿಸಿದ ಊರುಗಳಲ್ಲಿ ಮನೆಗಳನ್ನು 250, 400, 750 ಚದರಡಿ ಎಂದು ಮೂರು ಬಗೆಯಾಗಿ ಹಂಚಿತು. ಯಾರಿಗೆ ಯಾವುದು ಎಂಬುದು ನಿಂತದ್ದು ಕಳೆದುಕೊಂಡ ಮನೆಯ ಮೇಲಲ್ಲ, ಕುಟುಂಬದ ಹೊಲದ ವಿಸ್ತೀರ್ಣದ ಮೇಲೆ. ಮನೆಯನ್ನು ಮನೆಯಲ್ಲದ ಇನ್ನೊಂದರಿಂದ ಅಳೆಯುವ ಹಳೆಯ ರೂಢಿಗೆ ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಇಷ್ಟು ದೊಡ್ಡ ಉದಾಹರಣೆ ಸಿಕ್ಕಿತು.

ಇಂದಿನ ವ್ಯವಸ್ಥೆಗೆ ಆಧಾರ 1957ರ ಕರ್ನಾಟಕ ಸ್ಟಾಂಪು ಅಧಿನಿಯಮ. ಪತ್ರದಲ್ಲಿ ಬೆಲೆಯನ್ನು ಕಡಿಮೆ ತೋರಿಸಿದ್ದಾರೆಂದು ಕಂಡರೆ ಅದನ್ನು ಜಿಲ್ಲಾ ನೋಂದಣಾಧಿಕಾರಿಗೆ ಒಪ್ಪಿಸುವ ಕ್ರಮ ಅದರ 45–ಎ ಪ್ರಕರಣದಲ್ಲಿದೆ; ಅಪಮೌಲ್ಯ ತಡೆಯ ನಿಯಮಗಳು 1977ರವು. ಪ್ರದೇಶವಾರು ಮಾರ್ಗಸೂಚಿ ಬೆಲೆಗಳನ್ನು ಕೇಂದ್ರ ಮೌಲ್ಯಮಾಪನ ಸಮಿತಿಯ ಉಸ್ತುವಾರಿಯಲ್ಲಿ ಗೊತ್ತುಪಡಿಸಲಾಗುತ್ತದೆ. ರಾಜ್ಯದಲ್ಲಿ ಅವು 2023ರ ಅಕ್ಟೋಬರ್ 1ರಿಂದ ಪರಿಷ್ಕೃತವಾದವು. ಈ ಪಟ್ಟಿಗಳಲ್ಲಿ ನಿವೇಶನಕ್ಕೊಂದು ದರ, ಕಟ್ಟಡಕ್ಕೆ ಅದರ ಬಗೆಯನ್ನನುಸರಿಸಿ ಇನ್ನೊಂದು ದರ. ಕಟ್ಟಡದ ವಯಸ್ಸು ಏರಿದಂತೆ ಸವಕಳಿ ಕಳೆಯುತ್ತ ಹೋಗುತ್ತದೆ. ಸಾಗವಾನಿಯ ಹನ್ನೆರಡಂಕಣದ ನೂರು ವರ್ಷದ ಮನೆ ಈ ಗಣಿತದಲ್ಲಿ ಮೊನ್ನೆ ಕಟ್ಟಿದ ಆರ್‌ಸಿಸಿ ಕೋಣೆಗಿಂತ ಕೆಳಗೆ ಇಳಿಯುತ್ತದೆ. ಕಿಲ್ಲಾರಿಯನ್ನು ನೆನೆದರೆ ಇದು ಪೂರ್ತಿ ಅನ್ಯಾಯವೆಂದು ಹೇಳಲೂ ನಾಲಗೆ ಏಳುವುದಿಲ್ಲ.

ನಿಜವಾದ ತೊಡಕು ಇರುವುದು ಬೇರೆಡೆ. ಮುದ್ರಾಂಕ ಶುಲ್ಕ ಉಳಿಯಲೆಂದು ಮಾರಿದವನೂ ಕೊಂಡವನೂ ಒಪ್ಪಿ ಮಾರ್ಗಸೂಚಿ ಬೆಲೆಯ ಅಂಚಿಗೇ ಮೊತ್ತ ಬರೆಯಿಸುತ್ತಾರೆ. ಇಂತಹ ಪತ್ರಗಳು ಹತ್ತಾರಾದಾಗ ಆ ಊರಿನ ‘ಮಾರುಕಟ್ಟೆ ಬೆಲೆ’ ಅದೇ ಆಗಿ ಕೂಡುತ್ತದೆ. ಕೆರೆಗೋ ಕಾಲುವೆಗೋ ರಸ್ತೆಗೋ ಊರಿನ ಆಸ್ತಿ ಬೇಕಾದ ದಿನ ಅಧಿಕಾರಿ ತೆರೆಯುವುದು ಇವೇ ಪತ್ರಗಳನ್ನು. 2013ರ ಭೂಸ್ವಾಧೀನ ಕಾಯ್ದೆಯ 26ನೆಯ ಪ್ರಕರಣ ಸ್ಟಾಂಪು ಕಾಯ್ದೆಯ ಬೆಲೆ, ಸುತ್ತಲಿನ ಕ್ರಯಪತ್ರಗಳ ಸರಾಸರಿ ಇವುಗಳಲ್ಲಿ ಹೆಚ್ಚಿನದನ್ನು ಹಿಡಿಯಬೇಕೆನ್ನುತ್ತದೆ. ಸರಾಸರಿಗೆ ಹಿಂದಿನ ಮೂರು ವರ್ಷಗಳ ಪತ್ರಗಳಲ್ಲಿ ಹೆಚ್ಚು ಬೆಲೆಯ ಅರ್ಧದಷ್ಟನ್ನು ಮಾತ್ರ ಎಣಿಸುವ ಔದಾರ್ಯವೂ ಅದರಲ್ಲಿದೆ. ಮೇಲೆ ಶೇಕಡ 100ರ ಸಾಂತ್ವನಧನವಿದೆ. ಆದರೆ ಎಲ್ಲ ಪತ್ರಗಳಲ್ಲೂ ಬೆಲೆ ಕುಗ್ಗಿದ್ದರೆ ಹೆಚ್ಚಿನ ಅರ್ಧವೂ ಕುಗ್ಗಿದ ಅರ್ಧವೇ. ತಂದೆ ಶುಲ್ಕದಲ್ಲಿ ಉಳಿಸಿದ್ದನ್ನು ಮಗ ಪರಿಹಾರದಲ್ಲಿ ಕಳೆದುಕೊಳ್ಳುತ್ತಾನೆ. ಬ್ಯಾಂಕಿನ ಸಾಲ ಕೇಳಲು ಹೋದವನಿಗೂ ಇದೇ ಪತ್ರ ಎದುರಾಗುತ್ತದೆ. ನಾಳೆ ಈ ಸೀಮೆಯ ಆರ್ಥಿಕ ಚರಿತ್ರೆ ಬರೆಯುವವರು ನೋಂದಣಿ ಪುಸ್ತಕದ ಅಂಕೆಗಳನ್ನೇ ನಂಬಿದರೆ ಅವರೂ ಮನೆದೆರೆಯನ್ನು ಬೆಲೆಯೆಂದು ಓದಿದವರ ಸಾಲಿಗೆ ಸೇರುತ್ತಾರೆ.

ಇನ್ನು ಊರೊಳಗಿನ ಹಳೆಯ ಮನೆಗಳ ಸ್ಥಿತಿ ಮತ್ತೂ ವಿಚಿತ್ರ. ಕಂದಾಯ ಮೋಜಣಿ ಹೊಲಗಳನ್ನು ಒಂದೊಂದಾಗಿ ಅಳೆದು ನಂಬರು ಕೊಟ್ಟಿತು. ಗ್ರಾಮಠಾಣವನ್ನು ಒಂದೇ ತುಂಡಾಗಿ ಬಿಟ್ಟಿತು. ಹೊಲಕ್ಕೆ ಪಹಣಿ ಇತ್ತು, ಮನೆಗೆ ಪಂಚಾಯಿತಿಯ ಕರ ಕಟ್ಟಿದ ರಸೀದಿ ಮಾತ್ರ. ಇ–ಸ್ವತ್ತು ವ್ಯವಸ್ಥೆಯ ನಮೂನೆ 9 ಮತ್ತು 11 ಈ ಕೊರತೆಯನ್ನು ಸ್ವಲ್ಪ ತುಂಬಿದವು. 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಕರ್ನಾಟಕ ಮೊದಲ ಹಂತದ ರಾಜ್ಯಗಳಲ್ಲೊಂದು. ಭಾರತೀಯ ಸರ್ವೇಕ್ಷಣಾ ಇಲಾಖೆಯ ಡ್ರೋನು ಊರಿನ ಮೇಲೆ ಹಾರಿ ಚಿತ್ರ ತೆಗೆಯುತ್ತದೆ. ಗೋಡೆಯ ಸುತ್ತ ಸುಣ್ಣದ ಗೆರೆ ಹಾಕಿ ಎಲ್ಲೆ ತೋರಿಸಬೇಕು. ಗೆರೆ ಹಾಕುವಾಗ ಪಕ್ಕದ ಮನೆಯವರು ನಿಂತು ನೋಡುತ್ತಾರೆ, ಒಪ್ಪುತ್ತಾರೆ ಇಲ್ಲವೆ ಜಗಳವಾಡುತ್ತಾರೆ. ಮರ್ತೂರಿನ ಪಂಡಿತ ಹೇಳಿದ ಸಾಮಂತಾನುಮತಿ ಇದೇ. ಬಳಿಕ ಕೈಗೆ ಬರುವ ಆಸ್ತಿ ಕಾರ್ಡಿನಲ್ಲಿ ವಿಸ್ತೀರ್ಣವಿರುತ್ತದೆ, ಚೆಕ್ಕುಬಂದಿಯಿರುತ್ತದೆ. ಮೇಲ್ಮುದ್ದೆಯ ಕೆಳಗೆ ಎಷ್ಟು ಅಂಕಣಗಳಿವೆ ಎಂಬುದು ಆಕಾಶದಿಂದ ಕಾಣದ ಕಾರಣ ಅದರಲ್ಲಿ ಇರುವುದಿಲ್ಲ.